ತಾಲೀಮಿನ ತೋಪು ಯುದ್ಧಕ್ಕೆ ಹೊರಟಾಗ

ದಸರೆ ಹತ್ತಿರವಾದಂತೆ ಮೈಸೂರಿನಲ್ಲಿ ಆನೆಗಳಿಗೆ ಮಾತ್ರವಲ್ಲ, ತೋಪುಗಳಿಗೂ ತಾಲೀಮು ಶುರುವಾಗುತ್ತದೆ. ನಗರ ಸಶಸ್ತ್ರ ಮೀಸಲು ಪಡೆಯ ಪೊಲೀಸರು ಅರಮನೆಯ ಹಳೆಯ ಫಿರಂಗಿಗಳನ್ನು ಹೊರಗೆಳೆದು ಮೊದಲು ಮದ್ದಿಲ್ಲದೆಯೇ ಕವಾಯತು ಮಾಡುತ್ತಾರೆ. ಒಬ್ಬರು ಮದ್ದಿನ ಪೊಟ್ಟಣ ಇಟ್ಟಂತೆ, ಇನ್ನೊಬ್ಬರು ಅದನ್ನು ಉದ್ದನೆಯ ಕೋಲಿನಿಂದ ನಳಿಕೆಯ ತಳಕ್ಕೆ ತಳ್ಳಿದಂತೆ, ಮತ್ತೊಬ್ಬರು ಬೆಂಕಿ ಮುಟ್ಟಿಸಿದಂತೆ. ಎಲ್ಲವೂ ನಟನೆಯೇ. ಆದರೆ ಹೆಜ್ಜೆ, ವೇಗ, ಸರದಿ ಮಾತ್ರ ನಿಜದ್ದು. ಇದು ಒಣ ತಾಲೀಮು. ಅದು ಕೈಗೆ ಹತ್ತಿದ ಮೇಲೆ ವಸ್ತುಪ್ರದರ್ಶನದ ಆವರಣದಲ್ಲಿ ನಿಜವಾದ ಮದ್ದು ಸಿಡಿಯುತ್ತದೆ. ದಸರಾ ಆನೆಗಳನ್ನೂ ಅಶ್ವಾರೋಹಿ ದಳದ ಕುದುರೆಗಳನ್ನೂ ಅಲ್ಲಿಗೆ ಕರೆತಂದು ಆ ಸದ್ದಿಗೆ ಒಗ್ಗಿಸುತ್ತಾರೆ. ಜಂಬೂಸವಾರಿಯ ದಿನ ಅಂಬಾರಿಗೆ ಪುಷ್ಪಾರ್ಚನೆ ಆಗುವ ಹೊತ್ತಿಗೆ ಏಳು ತೋಪುಗಳಿಂದ ಮೂರು ಸುತ್ತಿನಂತೆ 21 ಕುಶಾಲತೋಪು ಹಾರುವಾಗ 750 ಕಿಲೋ ತೂಕದ ಅಂಬಾರಿ ಹೊತ್ತ ಆನೆ ಬೆದರಬಾರದಲ್ಲ!

ಯುದ್ಧಕ್ಕೆಂದು ಹುಟ್ಟಿದ ತೋಪು ಹೀಗೆ ತಾಲೀಮಿಗೂ ಮರ್ಯಾದೆಗೂ ಬಂದು ನಿಂತಿರುವುದು ನಮಗೆ ವಿಚಿತ್ರವೇನೂ ಅಲ್ಲ. ಇದರ ತಿರುವುಮುರುವಾದ ಕಥೆ ಮಾತ್ರ ಅಷ್ಟಾಗಿ ಯಾರಿಗೂ ಗೊತ್ತಿಲ್ಲ. ತಾಲೀಮಿಗೆಂದೇ ಮಾಡಿದ ಪುಟ್ಟ ತೋಪುಗಳನ್ನು ಅಭ್ಯಾಸದ ಕೋಣೆಯಿಂದ ಎತ್ತಿಕೊಂಡು ಹೋಗಿ, ಮೀನುಗಾರರ ದೋಣಿಯ ಮೇಲೆ ಕೂರಿಸಿ ಯುದ್ಧಕ್ಕೆ ಕಳಿಸಿದ ಕಾಲವೊಂದಿತ್ತು. ಅದು ಸಮುದ್ರದ ಕಥೆ. ಸಮುದ್ರದಿಂದ ದೂರ ಇರುವ ಮೈಸೂರಿಗೂ ಅದರಲ್ಲಿ ಒಂದೆರಡು ಎಳೆ ಉಂಟು.

ಮೊದಲು ಈ ಪುಟ್ಟ ತೋಪು ಯಾಕೆ ಬೇಕಾಯಿತು ಎಂಬುದನ್ನು ನೋಡೋಣ. ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ಯುದ್ಧನೌಕೆ ‘ಕ್ವೀನ್ ಎಲಿಜಬೆತ್’ನ ಒಂದೊಂದು ತೋಪಿನ ಬಾಯಿ 15 ಇಂಚು ಅಗಲ. ಅದರ ಒಂದು ಗುಂಡಿನ ತೂಕ ಸುಮಾರು 870 ಕಿಲೋ. ಅದನ್ನು ಹಾರಿಸಲು ಸುಮಾರು 194 ಕಿಲೋ ಮದ್ದು ಬೇಕು. ಅಂದರೆ ಒಂದೇ ಸಲ ಗುಂಡು ಹಾರಿಸಲು ಒಂದು ಟನ್ನಿಗೂ ಹೆಚ್ಚು ಸಾಮಾನು ಖರ್ಚು. ಹಣ ಹೋದರೆ ಹೋಗಲಿ, ಸರ್ಕಾರದ ಬೊಕ್ಕಸ ಇದೆ ಎನ್ನೋಣ. ನಳಿಕೆಯ ಆಯಸ್ಸಿಗೆ ಏನು ಮಾಡುವುದು? ಉರಿಯುವ ಮದ್ದಿನ ಬಿಸಿ ಅನಿಲ ಪ್ರತಿ ಸಲವೂ ನಳಿಕೆಯ ಒಳಗೋಡೆಯನ್ನು ಸ್ವಲ್ಪ ಸ್ವಲ್ಪ ತಿನ್ನುತ್ತದೆ. ಗುಂಡನ್ನು ಗಿರಗಿರನೆ ತಿರುಗಿಸಿ ನೇರ ಹೋಗುವಂತೆ ಮಾಡುವ ಸುರುಳಿ ಗೀರುಗಳು ಸವೆಯುತ್ತವೆ. ಪೂರ್ತಿ ಮದ್ದು ತುಂಬಿ 335 ಸಲದಷ್ಟು ಹಾರಿಸಿದರೆ ಆ 15 ಇಂಚಿನ ನಳಿಕೆಯ ಕಥೆ ಮುಗಿಯಿತು. ಕಳಚಿ ಕಾರ್ಖಾನೆಗೆ ಕಳಿಸಬೇಕು. ತರಬೇತಿಯಲ್ಲೇ ಆ ಆಯಸ್ಸನ್ನೆಲ್ಲ ಮುಗಿಸಿಬಿಟ್ಟರೆ ಯುದ್ಧದ ದಿನ ಉಳಿಯುವುದು ಸವೆದ ಕೊಳವೆ.

ಹಾಗೆಂದು ಅಭ್ಯಾಸ ಬಿಡುವಂತಿಲ್ಲ. ಹಡಗು ಓಲಾಡುತ್ತಿರುತ್ತದೆ, ಗುರಿಯೂ ಓಡುತ್ತಿರುತ್ತದೆ. ತೋಪನ್ನು ಮೇಲೆ ಕೆಳಗೆ ಮಾಡುವವನು ಒಬ್ಬ, ಎಡ ಬಲ ತಿರುಗಿಸುವವನು ಇನ್ನೊಬ್ಬ. ಇಬ್ಬರ ಕೈಯೂ ಒಂದೇ ಕ್ಷಣಕ್ಕೆ ಕೂಡಿಬರಬೇಕು. ಅದು ಸಾವಿರ ಸಲ ಮಾಡಿದ ಮೇಲಷ್ಟೇ ಬರುವ ವಿದ್ಯೆ.

ಇದಕ್ಕೆ ನೌಕಾಪಡೆಗಳು ಕಂಡುಕೊಂಡ ದಾರಿಯೇ ಸಬ್‌ಕ್ಯಾಲಿಬರ್ ಗನ್, ಅಂದರೆ ದೊಡ್ಡ ತೋಪಿನ ಜೊತೆಗೂಡಿದ ಸಣ್ಣ ತೋಪು. ಇದು ಎರಡು ಬಗೆಯಲ್ಲಿ ಬಂತು. ಮೊದಲನೆಯದು, ದೊಡ್ಡ ನಳಿಕೆಯ ಒಳಗೇ ಸಣ್ಣ ನಳಿಕೆಯೊಂದನ್ನು ನಟ್ಟನಡುವೆ ತೂರಿಸಿ ಬಿಗಿಯುವುದು. ಗುಂಡು ಸಣ್ಣದು, ಖರ್ಚು ಸಣ್ಣದು, ಸದ್ದೂ ಸಣ್ಣದು. ಆದರೆ ಅದನ್ನು ಗುರಿಗೆ ಹಿಡಿಯಬೇಕಾದರೆ ದೊಡ್ಡ ತೋಪಿನ ಅದೇ ಚಕ್ರಗಳನ್ನು ತಿರುಗಿಸಬೇಕು, ಅದೇ ದುರ್ಬೀನಿನಲ್ಲಿ ಕಣ್ಣಿಡಬೇಕು. ಎರಡನೆಯದು, ಸಣ್ಣ ತೋಪನ್ನು ದೊಡ್ಡದರ ಬೆನ್ನ ಮೇಲೆ, ಎರಡೂ ನಳಿಕೆಗಳು ಒಂದೇ ದಿಕ್ಕು ನೋಡುವಂತೆ ಕಟ್ಟುವುದು. ಸಣ್ಣ ತುಪಾಕಿಯಷ್ಟಿನ ಒಂದು ಇಂಚಿನ ನಳಿಕೆಯಿಂದ ಹಿಡಿದು 37, 47, 57 ಮಿಲಿಮೀಟರಿನ ತೋಪುಗಳವರೆಗೆ ಈ ಕೆಲಸಕ್ಕೆ ಬಳಕೆಯಾದವು. ಗರಡಿಯಲ್ಲಿ ಗದೆ ತಿರುಗಿಸುವುದು ಯಾರನ್ನೋ ಹೊಡೆಯಲಿಕ್ಕಲ್ಲ, ತೋಳು ಪಳಗಲಿಕ್ಕೆ. ಈ ತೋಪುಗಳೂ ಅಷ್ಟೆ. ಅವು ಸಿಡಿದದ್ದು ಶತ್ರುವಿಗಾಗಿ ಅಲ್ಲ, ಗುರಿ ಹಿಡಿಯುವವನ ಕೈಗಾಗಿ.

47 ಮಿಲಿಮೀಟರಿನ ತೋಪಿಗೆ ಇಂಗ್ಲಿಷರು 3 ಪೌಂಡರ್ ಎನ್ನುತ್ತಿದ್ದರು, 57ರದ್ದಕ್ಕೆ 6 ಪೌಂಡರ್; ಅವುಗಳ ಗುಂಡಿನ ತೂಕದಿಂದ ಬಂದ ಹೆಸರು. ಇವುಗಳನ್ನು ರೂಪಿಸಿದವನು ಬೆಂಜಮಿನ್ ಹಾಚ್‌ಕಿಸ್ ಎಂಬ ಅಮೆರಿಕದವನು. ಕಾರ್ಖಾನೆ ಇಟ್ಟದ್ದು ಪ್ಯಾರಿಸಿನ ಪಕ್ಕದ ಸೇಂಟ್ ಡೆನಿಸ್‌ನಲ್ಲಿ. 37 ಮಿಲಿಮೀಟರ್ ಎಂಬ ಅಳತೆಯ ಹಿಂದೆಯೂ ಒಂದು ಸ್ವಾರಸ್ಯ ಇದೆ. 1868ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಯೂರೋಪಿನ ದೇಶಗಳು ಕೂಡಿ, 400 ಗ್ರಾಮಿಗಿಂತ ಹಗುರವಾದ ಗುಂಡುಗಳಲ್ಲಿ ಸ್ಫೋಟಕ ತುಂಬಬಾರದೆಂದು ಒಪ್ಪಿಕೊಂಡವು. ಮನುಷ್ಯನ ದೇಹದೊಳಗೆ ಹೊಕ್ಕು ಸಿಡಿಯುವ ಗುಂಡು ತೀರಾ ಕ್ರೂರ ಎಂಬ ಕಾರಣಕ್ಕೆ. ತಯಾರಕರು ಮಿತಿಯ ಸ್ವಲ್ಪ ಮೇಲೆ, ಸುಮಾರು ಒಂದು ಪೌಂಡಿಗೆ ಗುಂಡು ಮಾಡಿದರು. ಅದಕ್ಕೆ ತಕ್ಕ ನಳಿಕೆ 37 ಮಿಲಿಮೀಟರ್. ಕಾನೂನು ಗೀಚಿದ ಗೆರೆಯ ಮಗ್ಗುಲಲ್ಲೇ ವ್ಯಾಪಾರ ಅಂಗಡಿ ತೆರೆಯುವುದು ಹೊಸದೇನಲ್ಲ.

1880ರ ದಶಕದಲ್ಲಿ ಇವು ಬಂದಾಗ ತಾಲೀಮಿನ ಸಾಮಾನಾಗಿ ಬಂದವಲ್ಲ. ಆಗ ಟಾರ್ಪಿಡೊ ಹೊತ್ತು ನುಗ್ಗುವ ಸಣ್ಣ ದೋಣಿಗಳೆಂದರೆ ದೊಡ್ಡ ಹಡಗುಗಳಿಗೆ ನಡುಕ. ಅವುಗಳನ್ನು ಹತ್ತಿರ ಬರುವ ಮೊದಲೇ ಹೊಡೆಯಲು ಬೇಗ ಬೇಗ ಗುಂಡು ತುಂಬಬಹುದಾದ ಸಣ್ಣ ತೋಪು ಬೇಕಿತ್ತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಟಾರ್ಪಿಡೊ ದೋಣಿಗಳು ಬೆಳೆದು ಡಿಸ್ಟ್ರಾಯರ್‌ಗಳಾದವು. ಒಂದೂವರೆ ಕಿಲೋ ಗುಂಡು ಅವಕ್ಕೆ ಸೊಳ್ಳೆ ಕಡಿತ. ಹಳತಾದ ಇಂಥ ತೋಪುಗಳಲ್ಲಿ ಕೆಲವು ಕುಶಾಲತೋಪಾದವು, ಕೆಲವು ದೊಡ್ಡಣ್ಣನ ಬೆನ್ನೇರಿ ತಾಲೀಮಿನ ತೋಪಾದವು. ಅಭ್ಯಾಸಕ್ಕೆಂದೇ ಪೀಠವಿಲ್ಲದೆ, ತನ್ನದೇ ಗುರಿಪಟ್ಟಿ ಇಲ್ಲದೆ ತಯಾರಾದವೂ ಇದ್ದವು.

ತಾಲೀಮಿಗೆ ಮರ್ಯಾದೆ ತಂದುಕೊಟ್ಟವನು ಪರ್ಸಿ ಸ್ಕಾಟ್. ಬ್ರಿಟಿಷ್ ನೌಕಾಪಡೆಯ ಈ ಅಧಿಕಾರಿ ಮಹಾ ಜಗಳಗಂಟ, ಅಷ್ಟೇ ಬುದ್ಧಿವಂತ. ಅವನ ಕಾಲದ ಬ್ರಿಟಿಷ್ ಹಡಗುಗಳಲ್ಲಿ ಗುಂಡು ಹಾರಿಸುವುದಕ್ಕಿಂತ ಹಡಗು ಫಳಫಳ ಹೊಳೆಯುವುದು ಮುಖ್ಯವಾಗಿತ್ತು. ತೋಪಿನ ಹೊಗೆಯಿಂದ ಬಣ್ಣ ಕೆಡುತ್ತದೆಂದು ಅಭ್ಯಾಸದ ಗುಂಡುಗಳನ್ನು ಸಮುದ್ರಕ್ಕೆ ಎಸೆದು ಲೆಕ್ಕ ಬರೆದುಬಿಡುತ್ತಿದ್ದರೆಂಬ ಮಾತು ಆ ಕಾಲದ ನಾವಿಕರ ನೆನಪುಗಳಲ್ಲಿ ಬರುತ್ತದೆ. ಫಲ ಏನಾಗಬೇಕೋ ಅದೇ ಆಯಿತು: ಹಡಗು ಹಾರಿಸಿದ ಗುಂಡುಗಳಲ್ಲಿ ಗುರಿ ಮುಟ್ಟುತ್ತಿದ್ದುದು ಮೂರರಲ್ಲಿ ಒಂದೋ, ಅದೂ ಇಲ್ಲವೋ.

ಮೆಡಿಟರೇನಿಯನ್ನಿನಲ್ಲಿದ್ದ ‘ಸಿಲ್ಲಾ’ ಹಡಗಿನ ಕ್ಯಾಪ್ಟನ್ ಆಗಿದ್ದಾಗ ಸ್ಕಾಟ್ ಮೂರು ಉಪಾಯ ಮಾಡಿದ. 4.7 ಇಂಚಿನ ತೋಪಿಗೆ ಒಂದು ಇಂಚಿನ ಸಣ್ಣ ನಳಿಕೆ ಕಟ್ಟಿ, ಹತ್ತಿರದಲ್ಲೇ ಪುಟ್ಟ ಗುರಿ ಎಳೆಸಿ, ಪುಡಿಗಾಸಿನ ಖರ್ಚಿನಲ್ಲಿ ದಿನವೂ ಹೊಡೆಸಿದ. ಮದ್ದೂ ಬೇಡ, ಗುಂಡೂ ಬೇಡ ಎನ್ನುವ ದಿನಗಳಿಗೆ ‘ಡಾಟರ್’ ಎಂಬ ಯಂತ್ರ ಮಾಡಿಸಿದ. ತೋಪಿನ ಮುಂದೆ ಮೇಲೆ ಕೆಳಗೆ ಆಡುವ ಕಾಗದದ ಗುರಿ; ಗುರಿ ಹಿಡಿದವನು ಗುಂಡಿ ಒತ್ತಿದ ಕ್ಷಣಕ್ಕೆ ಪೆನ್ಸಿಲ್ ಕಾಗದದ ಮೇಲೆ ಒಂದು ಚುಕ್ಕೆ ಇಡುತ್ತದೆ. ಎಲ್ಲಿ ತಪ್ಪಿದ ಎಂಬುದಕ್ಕೆ ಕೈಬರಹದ ಸಾಕ್ಷಿ! ಗುಂಡು ತುಂಬುವವರಿಗೆ ಬೇರೆಯೇ ಒಂದು ಕೃತಕ ತೋಪು ಕೊಟ್ಟು, ತೂಕದ ಗುಂಡನ್ನು ಮತ್ತೆ ಮತ್ತೆ ತುಂಬಿಸಿದ. ನಮ್ಮ ಅರಮನೆ ಅಂಗಳದ ಒಣ ತಾಲೀಮಿಗೆ ಇದು ಹತ್ತಿರದ ನೆಂಟ.

1899ರ ಬಹುಮಾನದ ಸ್ಪರ್ಧೆಯಲ್ಲಿ ‘ಸಿಲ್ಲಾ’ 70 ಗುಂಡು ಹಾರಿಸಿ 56 ಮುಟ್ಟಿಸಿತು. ನೂರಕ್ಕೆ ಎಂಬತ್ತು. ಉಳಿದ ಹಡಗುಗಳವರು ಮೊದಲು ನಂಬಲಿಲ್ಲ, ಆಮೇಲೆ ಹೊಟ್ಟೆ ಉರಿದುಕೊಂಡರು, ಕೊನೆಗೆ ಅವನ ಯಂತ್ರಗಳನ್ನೇ ತರಿಸಿಕೊಂಡರು. ಅದೇ ವರ್ಷ ದಕ್ಷಿಣ ಆಫ್ರಿಕದಲ್ಲಿ ಬೋಯರ್ ಯುದ್ಧ ಹತ್ತಿಕೊಂಡಾಗ ಹಡಗಿನ ತೋಪುಗಳಿಗೆ ನೆಲದ ಮೇಲೆ ಎಳೆದುಕೊಂಡು ಹೋಗುವಂಥ ಗಾಡಿ ಕಟ್ಟಿಸಿ ಲೇಡಿಸ್ಮಿತ್‌ಗೆ ಕಳಿಸಿದವನೂ ಇದೇ ಸ್ಕಾಟ್. ಯಾವ ತೋಪೂ ತಾನು ಹುಟ್ಟಿದ ಜಾಗದಲ್ಲೇ ಇರಬೇಕೆಂಬ ನಿಯಮ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಆ ಅರಿವು ಎಲ್ಲರಿಗೂ ಬೇಕಾದದ್ದು 1914ರಲ್ಲಿ.

ಆ ವರ್ಷ ಸೆಪ್ಟೆಂಬರ್ 22ರ ರಾತ್ರಿ ಜರ್ಮನಿಯ ‘ಎಮ್ಡೆನ್’ ಮದ್ರಾಸಿನ ಎದುರು ಬಂದು ನಿಂತು, ಬರ್ಮಾ ಆಯಿಲ್ ಕಂಪನಿಯ ಎಣ್ಣೆ ತೊಟ್ಟಿಗಳಿಗೆ ಬೆಂಕಿ ಇಟ್ಟಿತು. ಅದರ ತೋಪುಗಳು ಬರೀ 10.5 ಸೆಂಟಿಮೀಟರಿನವು, ಅಂದಿನ ಯುದ್ಧನೌಕೆಗಳ ಲೆಕ್ಕದಲ್ಲಿ ಸಣ್ಣವೇ. ಅಷ್ಟಕ್ಕೇ ಮದ್ರಾಸು ದಂಗುಬಡಿಯಿತು, ಜನ ಊರು ಬಿಟ್ಟರು. ಎದುರಿಗೆ ತಡೆಯುವವರಿಲ್ಲದಾಗ ಸಣ್ಣ ತೋಪು ಸಣ್ಣದಾಗಿರುವುದಿಲ್ಲ. ಮೈಸೂರಿನಿಂದ ಒಂದು ರಾತ್ರಿಯ ರೈಲು ಪ್ರಯಾಣದಷ್ಟು ದೂರಕ್ಕೆ ಯುದ್ಧ ಬಂದಿತ್ತು.

‘ಎಮ್ಡೆನ್’ ಅಡ್ಮಿರಲ್ ಫಾನ್ ಸ್ಪೇ ಎಂಬವನ ದಂಡಿನಿಂದ ಬಿಟ್ಟು ಬಂದ ಹಡಗು. ಸ್ಪೇ ತನ್ನ ಉಳಿದ ಹಡಗುಗಳೊಂದಿಗೆ ಪೆಸಿಫಿಕ್ ದಾಟಿ, 1914ರ ಡಿಸೆಂಬರ್ 8ರಂದು ದಕ್ಷಿಣ ಅಟ್ಲಾಂಟಿಕ್‌ನ ಫಾಕ್‌ಲೆಂಡ್ ದ್ವೀಪಗಳ ಬಳಿ ಬಂದ. ಅಲ್ಲಿ ಬಂದರಿನ ಕೆಸರಿನಲ್ಲಿ ‘ಕನೋಪಸ್’ ಎಂಬ ಮುದಿ ಬ್ರಿಟಿಷ್ ಹಡಗನ್ನು ಬೇಕೆಂದೇ ಹೂತು ನಿಲ್ಲಿಸಿದ್ದರು. ಓಡಲಾರದು, ಕೋಟೆಯಂತಾದರೂ ಇರಲಿ ಎಂದು. ಅದರ ಹಿಂದಿನ 12 ಇಂಚಿನ ತೋಪುಗಳಿಗೆ ಅಭ್ಯಾಸದ ಗುಂಡು ತುಂಬಿಟ್ಟಿದ್ದರು. ಒಳಗೆ ಸ್ಫೋಟಕ ಇಲ್ಲದ, ಬರೀ ಕಬ್ಬಿಣದ ಗುಂಡು. ಜರ್ಮನ್ ಹಡಗುಗಳು ಕಾಣಿಸಿದವು. ಗುಂಡು ಬದಲಿಸಲು ಹೊತ್ತಿಲ್ಲ. ಹಾಗೇ ಹಾರಿಸಿದರು. ಹಡಗಿನ ಉಳಿದ ತೋಪುಗಳ ಸಿಡಿಯುವ ಗುಂಡುಗಳು ಮೊದಲೇ ನೀರಿಗೆ ಬಿದ್ದು ಸಿಡಿದು ಮುಗಿದಿದ್ದವು. ಈ ಸಪ್ಪೆ ಗುಂಡು ಸಿಡಿಯದೆ ನೀರಿನ ಮೇಲೆ ಪುಟಿದು ‘ಗ್ನೈಸೆನೌ’ ಹಡಗಿನ ಹೊಗೆಕೊಳವೆಯ ಬುಡಕ್ಕೆ ಬಡಿಯಿತು. ಹಾನಿ ದೊಡ್ಡದಲ್ಲ. ಆದರೆ ಬಂದರಿನಲ್ಲಿ ದೊಡ್ಡ ತೋಪುಗಳಿವೆ ಎಂದು ಜರ್ಮನರು ಹಿಂದೆ ಸರಿದರು. ಕಲ್ಲಿದ್ದಲು ತುಂಬಿಸಿಕೊಳ್ಳುತ್ತಿದ್ದ ಬ್ರಿಟಿಷ್ ಹಡಗುಗಳಿಗೆ ಹೊರಡಲು ಬೇಕಿದ್ದ ಸಮಯ ಸಿಕ್ಕಿತು. ಅಂದು ರಾತ್ರಿಯೊಳಗೆ ಸ್ಪೇ ತನ್ನ ನಾಲ್ಕು ಹಡಗುಗಳೊಂದಿಗೆ ಮುಳುಗಿಹೋಗಿದ್ದ. ತಾಲೀಮಿನ ಸಾಮಾನು ಯುದ್ಧದಲ್ಲಿ ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಸೊಗಸಾದ ಅಪಘಾತ ನನಗೆ ಗೊತ್ತಿಲ್ಲ.

ಅಪಘಾತವಲ್ಲದೆ, ಯೋಚಿಸಿಯೇ ತಾಲೀಮಿನ ತೋಪುಗಳನ್ನು ಹೊರಗೆ ತೆಗೆದದ್ದು ಜಲಾಂತರ್ಗಾಮಿಗಳ ದೆಸೆಯಿಂದ. 1915ರ ಫೆಬ್ರುವರಿಯಲ್ಲಿ ಬ್ರಿಟನ್ನಿನ ಸುತ್ತಲ ಸಮುದ್ರವೆಲ್ಲ ಯುದ್ಧವಲಯ ಎಂದು ಜರ್ಮನಿ ಸಾರಿತು. ಆಗಿನ ಜಲಾಂತರ್ಗಾಮಿ ಹೊತ್ತೊಯ್ಯಬಹುದಾಗಿದ್ದ ಟಾರ್ಪಿಡೊಗಳು ಬೆರಳೆಣಿಕೆಯಷ್ಟು. ಅವನ್ನು ದೊಡ್ಡ ಬೇಟೆಗೆ ಉಳಿಸಿಕೊಂಡು, ಸಣ್ಣಪುಟ್ಟ ಸರಕು ಹಡಗು ಸಿಕ್ಕಾಗ ನೀರಿನ ಮೇಲೆ ಎದ್ದುಬಂದು ತನ್ನ ಮೇಲ್ತಟ್ಟಿನ ತೋಪಿನಿಂದಲೇ ಹೊಡೆದು ಮುಳುಗಿಸುತ್ತಿತ್ತು. ಎದುರಿಗೆ ಒಂದೇ ಒಂದು ಸಣ್ಣ ತೋಪಿದ್ದರೂ ಲೆಕ್ಕ ಬದಲಾಗುತ್ತಿತ್ತು. ಯಾಕೆಂದರೆ ಜಲಾಂತರ್ಗಾಮಿಯ ಮೈ ತೀರಾ ಸೂಕ್ಷ್ಮ. ನೀರಿನ ಒತ್ತಡ ತಡೆಯುವ ಒಳಗಿನ ಚಿಪ್ಪಿಗೆ ಒಂದು ತೂತು ಬಿದ್ದರೆ ಮತ್ತೆ ಮುಳುಗುವಂತಿಲ್ಲ. ಮುಳುಗಲಾರದ ಜಲಾಂತರ್ಗಾಮಿ ಎಂದರೆ ನಿಧಾನದ, ಬಡಕಲು ದೋಣಿ. ಆದ್ದರಿಂದ ತೋಪು ಕಂಡ ಕೂಡಲೇ ಅದು ನೀರೊಳಗೆ ಇಳಿಯುತ್ತಿತ್ತು. ಇಳಿದ ಮೇಲೆ ವೇಗ ಅರ್ಧಕ್ಕೆ ಇಳಿಯುತ್ತಿತ್ತು. ಅಷ್ಟರಲ್ಲಿ ಸರಕು ಹಡಗು ದೂರ ಓಡಬಹುದಿತ್ತು.

ಹೀಗಾಗಿ ಬ್ರಿಟನ್ನಿಗೆ ಇದ್ದಕ್ಕಿದ್ದಂತೆ ಸಾವಿರಾರು ಸಣ್ಣ ತೋಪು ಬೇಕಾದವು. ಸರಕು ಹಡಗಿಗೆ ಬೇಕು, ಸೇನೆಗೆ ಸೇರಿಸಿಕೊಂಡ ಮೀನುಗಾರರ ಟ್ರಾಲರ್‌ಗಳಿಗೆ ಬೇಕು, ಬಲೆ ಹಾಕುವ ಡ್ರಿಫ್ಟರ್ ದೋಣಿಗಳಿಗೆ ಬೇಕು. ಕಾರ್ಖಾನೆಗಳು ದೊಡ್ಡ ತೋಪುಗಳ ಕೆಲಸದಲ್ಲಿ ಮುಳುಗಿದ್ದವು. ಉಗ್ರಾಣಗಳನ್ನು ಕೆದಕಿದರು. ಹಳೆಯ ಹಡಗುಗಳಿಂದ ಕಿತ್ತವು, ಕುಶಾಲತೋಪಿಗೆಂದು ಇಟ್ಟವು, ಕೊನೆಗೆ ತಾಲೀಮಿನವು, ಎಲ್ಲವೂ ಹೊರಬಂದವು.

ತಾಲೀಮಿನ ತೋಪನ್ನು ಹಾಗೇ ಎತ್ತಿಕೊಂಡು ಹೋಗಿ ದೋಣಿಯಲ್ಲಿ ಇಟ್ಟರೆ ಆಗದು. ಗುಂಡು ಹಾರಿದಾಗ ತೋಪು ಹಿಂದಕ್ಕೆ ಒದೆಯುತ್ತದೆ. ದೊಡ್ಡ ತೋಪಿನ ಹೊಟ್ಟೆಯಲ್ಲೋ ಬೆನ್ನ ಮೇಲೋ ಇದ್ದಾಗ ಆ ಒದೆತವನ್ನು ಹತ್ತಾರು ಟನ್ ಉಕ್ಕು ನುಂಗಿಕೊಳ್ಳುತ್ತಿತ್ತು. ಮರದ ದೋಣಿಯಲ್ಲಿ ಯಾರು ನುಂಗಬೇಕು? ಅದಕ್ಕೊಂದು ತೊಟ್ಟಿಲು ಬೇಕು, ಒದೆತ ತಡೆಯುವ ಎಣ್ಣೆಯ ಕೊಳವೆಯೋ ಸ್ಪ್ರಿಂಗೋ ಬೇಕು, ಕಂಬದಂಥ ಪೀಠ ಬೇಕು, ಪೀಠದ ಕೆಳಗೆ ಹಲಗೆಗೆ ತೊಲೆಗಳ ಆಸರೆ ಬೇಕು. ಹೆಗಲು ಕೊಟ್ಟು ತಿರುಗಿಸಲು ಹಿಡಿ, ನೋಡಲು ತನ್ನದೇ ಗುರಿಪಟ್ಟಿ. ಇದುವರೆಗೆ ಸಪ್ಪೆ ಗುಂಡು ಹಾರಿಸುತ್ತಿದ್ದ ನಳಿಕೆಗೆ ಈಗ ಸಿಡಿಯುವ ಗುಂಡು, ಅದಕ್ಕೆ ತಕ್ಕ ಮದ್ದು. ತಾಲೀಮಿನ ತೋಪಿನಲ್ಲಿ ಯುದ್ಧಕ್ಕೆ ಒದಗುತ್ತಿದ್ದುದು ನಳಿಕೆ ಮತ್ತು ಅದರ ಹಿಂಬಾಗಿಲು ಮಾತ್ರ. ಉಳಿದದ್ದೆಲ್ಲ ಹೊಸದಾಗಿ ಕಟ್ಟಬೇಕು. ಆದರೂ ಹೊಸ ನಳಿಕೆ ಎರೆದು ಕೊರೆಯುವುದಕ್ಕಿಂತ ಇದು ಎಷ್ಟೋ ಬೇಗ.

ಇನ್ನೊಂದು ಲಾಭ ಕಡತಗಳಲ್ಲಿ ಎದ್ದು ಕಾಣುವುದಿಲ್ಲ. ಈ ತೋಪುಗಳನ್ನು ಬಳಸಿದ ನಾವಿಕರು ಅವುಗಳ ಮೇಲೆಯೇ ಕೈ ಪಳಗಿಸಿಕೊಂಡವರು. ನಿವೃತ್ತರನ್ನು ಮತ್ತೆ ಕರೆಸಿ ಸರಕು ಹಡಗಿಗೆ ಇಬ್ಬರಂತೆ ಕಳಿಸಿದಾಗ, ಅವರಿಗೆ ಅದರ ಬಾಗಿಲು ಹೇಗೆ ತೆರೆಯುತ್ತದೆ, ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂಬುದು ಕಣ್ಣು ಮುಚ್ಚಿ ಗೊತ್ತಿತ್ತು.

ಹೊಗಳಿಕೆ ಇಲ್ಲಿಗೆ ಸಾಕು. ಇದು ಜಾಣತನಕ್ಕಿಂತ ಹೆಚ್ಚಾಗಿ ಬಡತನದ ಉಪಾಯ. ನೀರಿನ ಮೇಲೆ ಎದ್ದ ಜಲಾಂತರ್ಗಾಮಿ ತಾನೇ ದುರ್ಬಲವಾಗಿದ್ದರಿಂದ ಈ ಸಣ್ಣ ತೋಪುಗಳು ನಡೆದವು. ಎದುರಿಗೆ ನಿಜವಾದ ಯುದ್ಧನೌಕೆ ಬಂದರೆ ಏನಾಗುತ್ತದೆ ಎಂಬುದು 1917ರ ಮೇ 15ರ ಬೆಳಗಿನ ಜಾವ ಇಟಲಿಯ ಹಿಮ್ಮಡಿಯ ಬಳಿ, ಒಟ್ರಾಂಟೊ ಜಲಸಂಧಿಯಲ್ಲಿ ಗೊತ್ತಾಯಿತು. ಅಲ್ಲಿ 47 ಬ್ರಿಟಿಷ್ ಡ್ರಿಫ್ಟರ್‌ಗಳು ಜಲಾಂತರ್ಗಾಮಿಗಳಿಗೆ ಬಲೆ ಬಿಟ್ಟುಕೊಂಡು ಕಾಯುತ್ತಿದ್ದವು. ಒಂದೊಂದರಲ್ಲೂ ಒಂದು ಸಣ್ಣ ತೋಪು, ಹತ್ತು ಮಂದಿ ಮೀನುಗಾರರು. ಆಸ್ಟ್ರಿಯಾದ ಮೂರು ಕ್ರೂಸರ್‌ಗಳು ಅವುಗಳ ನಡುವೆ ನುಗ್ಗಿ, ದೋಣಿ ಬಿಟ್ಟು ಇಳಿಯಿರಿ ಎಂದು ಕೂಗಿ ಹೇಳಿದವು. ‘ಗೋವನ್ ಲೀ’ ಎಂಬ ಡ್ರಿಫ್ಟರಿನ ಯಜಮಾನ ಜೋಸೆಫ್ ವಾಟ್ ಇಳಿಯಲಿಲ್ಲ. ನೂರು ಗಜದಾಚೆ ನಿಂತ ಕ್ರೂಸರಿನ ಮೇಲೆ ತೋಪು ಹಾರಿಸಲು ಹೇಳಿದ. ಹಾರಿದ್ದು ಒಂದೇ ಗುಂಡು. ಅಷ್ಟರಲ್ಲಿ ಶತ್ರುವಿನ ಗುಂಡು ಬಡಿದು ತೋಪಿನ ಹಿಂಬಾಗಿಲು ಜಖಂ ಆಯಿತು. ಗುಂಡಿನ ಸುರಿಮಳೆಯ ನಡುವೆಯೂ ಅವನ ಜನ ಅದನ್ನು ಸರಿಪಡಿಸಲು ಹೆಣಗುತ್ತಲೇ ಇದ್ದರು. ವಾಟ್‌ಗೆ ವಿಕ್ಟೋರಿಯಾ ಕ್ರಾಸ್ ಬಂತು. 14 ಡ್ರಿಫ್ಟರ್‌ಗಳು ಮುಳುಗಿದವು. ಧೈರ್ಯಕ್ಕೆ ಪದಕ ಕೊಡಬಹುದು. ಸಣ್ಣ ತೋಪಿನ ಗುಂಡಿಗೆ ಕ್ರೂಸರ್ ಮುಳುಗಿಸುವ ಶಕ್ತಿ ಕೊಡಲಾಗದು.

ಆಕಾಶದಲ್ಲೂ ಇದೇ ಪಾಡು. 1915ರ ಸೆಪ್ಟೆಂಬರಿನಲ್ಲಿ ಜೆಪ್ಪೆಲಿನ್ ವಾಯುನೌಕೆಗಳು ಲಂಡನ್ನಿಗೆ ಬಾಂಬು ಸುರಿದಾಗ ನಗರದ ತೋಪುಗಳ ರಕ್ಷಣೆಯನ್ನು ಒಪ್ಪಿಸಿದ್ದು ಯಾರಿಗೆ? ಅಷ್ಟರಲ್ಲಿ ಮುದುಕನಾಗಿದ್ದ ಪರ್ಸಿ ಸ್ಕಾಟ್‌ಗೆ. ಅಲ್ಲಿದ್ದ 37 ಮಿಲಿಮೀಟರಿನ ಸಣ್ಣ ತೋಪುಗಳನ್ನು ನೋಡಿ ಅವನು ಮುಖ ಸಿಂಡರಿಸಿದ. ಅವುಗಳ ಗುಂಡು ವಾಯುನೌಕೆಯ ಬಟ್ಟೆಗೆ ತಗುಲಿದರೆ ಸಿಡಿಯುವುದೇ ಇಲ್ಲ, ಮರಳಿ ಬಿದ್ದರೆ ಲಂಡನ್ನಿನವರ ತಲೆಯ ಮೇಲೇ. ತನ್ನ ಅಧಿಕಾರಿಯೊಬ್ಬನನ್ನು ಪ್ಯಾರಿಸಿಗೆ ಅಟ್ಟಿ, ಮೋಟಾರು ಗಾಡಿಯ ಮೇಲೆ ಕೂರಿಸಿದ ಫ್ರೆಂಚರ 75 ಮಿಲಿಮೀಟರಿನ ತೋಪು ತರಿಸಿದ. ಸಣ್ಣ ತೋಪಿನಿಂದ ಕಲಿಯುವುದನ್ನು ಲೋಕಕ್ಕೆ ಕಲಿಸಿದವನಿಗೆ ಅದರ ಮಿತಿಯೂ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಹಡಗಿನ ತೋಪು ನೆಲಕ್ಕಿಳಿದ ಕಥೆಯಲ್ಲಿ 1916ರ ಟ್ಯಾಂಕ್ ಬರುತ್ತದೆ. ಸೆಪ್ಟೆಂಬರ್ 15ರಂದು ಫ್ರಾನ್ಸಿನ ರಣರಂಗದಲ್ಲಿ ಮೊದಲ ಬಾರಿ ತೆವಳಿದ ಬ್ರಿಟಿಷ್ ಟ್ಯಾಂಕುಗಳಲ್ಲಿ ಹಲವುಗಳ ಪಕ್ಕೆಯಲ್ಲಿದ್ದುದು ಇದೇ 57 ಮಿಲಿಮೀಟರಿನ ಹಾಚ್‌ಕಿಸ್ ನೌಕಾತೋಪು. ನಳಿಕೆ ಉದ್ದವಾಗಿ ಮರಕ್ಕೂ ಮಣ್ಣಿಗೂ ತಗುಲುತ್ತಿದ್ದುದರಿಂದ ಮುಂದೆ ಅದನ್ನು ಮೋಟು ಮಾಡಿದರು.

ಇನ್ನೊಂದು ನೆಲದ ಕಥೆ ನೇರವಾಗಿ ನಮ್ಮದು. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸಂಸ್ಥಾನ ಮೊದಲ ಮಹಾಯುದ್ಧಕ್ಕೆ 50 ಲಕ್ಷ ರೂಪಾಯಿ ಕೊಟ್ಟಿತು, ಜೊತೆಗೆ ತನ್ನ ಲ್ಯಾನ್ಸರ್ಸ್ ಕುದುರೆಪಡೆಯನ್ನೂ 1914ರಲ್ಲೇ ಈಜಿಪ್ಟಿಗೆ ಕಳಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಬಂದರನ್ನು ಹಿಡಿಯುವಾಗ ಜೋಧಪುರದ ಸವಾರರು ಊರಿನ ಕಡೆ ನುಗ್ಗಿದರೆ, ಮೈಸೂರಿನವರ ಒಂದು ತುಕಡಿ ಕಾರ್ಮೆಲ್ ಬೆಟ್ಟವನ್ನು ಕಡಿದಾದ ದಾರಿಯಲ್ಲಿ ಹತ್ತಿ ಮೇಲಿದ್ದ ತೋಪುಗಳನ್ನು ವಶಪಡಿಸಿಕೊಂಡಿತು. ಅಂದು ಸಿಕ್ಕಿದ 17 ತೋಪುಗಳ ಪಟ್ಟಿಯಲ್ಲಿ ಒಂಟೆಯ ಮೇಲೆ ಸಾಗಿಸುವ ನಾಲ್ಕು ಪುಟ್ಟ ತೋಪುಗಳ ಜೊತೆಗೆ 6 ಇಂಚಿನ ಒಂದು ನೌಕಾತೋಪೂ ಇತ್ತು! ಸಮುದ್ರವೇ ಇಲ್ಲದ ಊರಿನ ಕುದುರೆ ಸವಾರರು ಭರ್ಜಿ ಹಿಡಿದು ಹೋಗಿ ಪಾಲ್ಗೊಂಡ ಗೆಲುವಿನಲ್ಲಿ ಹಡಗಿನ ತೋಪು ಸಿಕ್ಕಿತು. ಲ್ಯಾನ್ಸರ್ಸ್ ಸ್ಮಾರಕ ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿದೆ. ದಿಲ್ಲಿಯ ತೀನ್ ಮೂರ್ತಿ ವೃತ್ತದ ಮೂರು ಪ್ರತಿಮೆಗಳಲ್ಲಿ ಒಂದು ಮೈಸೂರಿನ ಯೋಧನದು.

ಎರಡನೇ ಮಹಾಯುದ್ಧದಲ್ಲೂ ಸಣ್ಣ ತೋಪುಗಳ ಬರ ಮತ್ತೆ ಬಂತು, ಹಳತೆಲ್ಲ ಮತ್ತೆ ಹೊರಬಂತು. ಆ ಬರದ ನಡುವೆ ನಮ್ಮವರದೊಂದು ಸಾಹಸ ಇದೆ. ರಾಯಲ್ ಇಂಡಿಯನ್ ನೇವಿಯ ‘ಬೆಂಗಾಲ್’ ಎಂಬ ಪುಟ್ಟ ಮೈನ್‌ಸ್ವೀಪರ್ ಹಡಗು ಆಸ್ಟ್ರೇಲಿಯದಲ್ಲಿ ಕಟ್ಟಿಸಿಕೊಂಡು ಹೊಸದಾಗಿ ಬರುತ್ತಿತ್ತು. ಅದಕ್ಕೆ 4 ಇಂಚಿನ ತೋಪು ಇರಬೇಕಾಗಿತ್ತು. ಸಿಗದೆ 12 ಪೌಂಡರ್ ಇಟ್ಟಿದ್ದರು, ಅಂದರೆ 76 ಮಿಲಿಮೀಟರಿನದು. 1942ರ ನವೆಂಬರ್ 11ರಂದು, ‘ಒಂಡಿನಾ’ ಎಂಬ ಡಚ್ ಎಣ್ಣೆಹಡಗಿನ ಕಾವಲಿಗೆ ಹಿಂದೂ ಮಹಾಸಾಗರದಲ್ಲಿ ಹೊರಟಿದ್ದಾಗ, ಎದುರಿಗೆ ಜಪಾನಿನ ‘ಹೊಕೊಕು ಮಾರು’, ‘ಐಕೊಕು ಮಾರು’ ಬಂದವು. ಒಂದೊಂದೂ ಹತ್ತು ಸಾವಿರ ಟನ್ನಿಗೆ ಮೇಲ್ಪಟ್ಟ ಹಡಗು. ‘ಬೆಂಗಾಲ್’ ನೇರ ಅವುಗಳ ಕಡೆಗೇ ತಿರುಗಿತು. ಕಾಳಗದಲ್ಲಿ ಒಂದು ಗುಂಡು ‘ಹೊಕೊಕು ಮಾರು’ವಿನ ಟಾರ್ಪಿಡೊಗಳಿದ್ದ ಕಡೆ ಬಿದ್ದು ಆ ಹಡಗು ಸಿಡಿದು ಮುಳುಗಿತು. ಆ ಗುಂಡು ‘ಒಂಡಿನಾ’ದ 4 ಇಂಚಿನದೋ ‘ಬೆಂಗಾಲ್’ನದೋ ಎಂಬ ವಾದ ಮುಗಿದಿಲ್ಲ. ಎರಡೂ ಸಣ್ಣ ಹಡಗುಗಳು ಜೀವಂತ ದಡ ಸೇರಿದ್ದು ಮಾತ್ರ ಸತ್ಯ.

ಮೈಸೂರಿನ ಹೆಸರಿನ ಒಂದು ಯುದ್ಧನೌಕೆ ತಾಲೀಮಿನಿಂದ ಯುದ್ಧಕ್ಕೆ ಹೋಗುವ ಈ ದಾರಿಯನ್ನು ಹಿಂದುಮುಂದಾಗಿ ನಡೆಯಿತು. ಬ್ರಿಟಿಷರ ‘ನೈಜೀರಿಯಾ’ ಕ್ರೂಸರ್ ಎರಡನೇ ಮಹಾಯುದ್ಧದಲ್ಲಿ ಹೋರಾಡಿ, 1942ರಲ್ಲಿ ಮಾಲ್ಟಾಕ್ಕೆ ಹೊರಟಿದ್ದಾಗ ಇಟಲಿಯ ಜಲಾಂತರ್ಗಾಮಿಯಿಂದ ಟಾರ್ಪಿಡೊ ಏಟು ತಿಂದು ಬದುಕಿತ್ತು. ಭಾರತ ಅದನ್ನು ಕೊಂಡು, 1957ರ ಆಗಸ್ಟ್ 29ರಂದು ‘ಐಎನ್‌ಎಸ್ ಮೈಸೂರು’ ಎಂದು ಸೇವೆಗೆ ಇಳಿಸಿತು. ಲಾಂಛನ ನಮ್ಮ ಗಂಡಭೇರುಂಡ. 6 ಇಂಚಿನ ಒಂಬತ್ತು ತೋಪು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳದ ಮುಖ್ಯ ಹಡಗು ಇದೇ. ಕೊನೆಯ ವರ್ಷಗಳಲ್ಲಿ ಕೆಡೆಟ್‌ಗಳಿಗೆ ಪಾಠ ಹೇಳುವ ತರಬೇತಿ ಹಡಗಾಗಿ, 1985ರಲ್ಲಿ ನಿವೃತ್ತವಾಯಿತು. ಯುದ್ಧ ಮುಗಿಸಿ ಮೇಷ್ಟ್ರಾದ ಹಡಗು. ಅದೇ ಹೆಸರಿನ ಇಂದಿನ ಡಿಸ್ಟ್ರಾಯರ್ 1999ರಲ್ಲಿ ಬಂತು. ಅದರ ಮುಂಬದಿಯ ತೋಪು 100 ಮಿಲಿಮೀಟರ್, ನುಗ್ಗಿಬರುವ ಕ್ಷಿಪಣಿಗಳನ್ನು ತಡೆಯುವ ತೋಪುಗಳು ಬರೀ 30 ಮಿಲಿಮೀಟರ್. 15 ಇಂಚಿನ ದೈತ್ಯರು ಕಾಲವಾದರು. ಸಣ್ಣ ನಳಿಕೆಯೇ ಹಡಗಿನ ಕೊನೆಯ ಕಾವಲಾಗಿ ಉಳಿಯಿತು.

ಹಾಚ್‌ಕಿಸ್‌ನ ಆ 3 ಪೌಂಡರ್ ಎಲ್ಲಿ ಹೋಯಿತು? ಬ್ರಿಟನ್, ಆಸ್ಟ್ರೇಲಿಯಗಳ ನೌಕಾಪಡೆಗಳಲ್ಲಿ ಅದು ಬಹುಕಾಲ ಕುಶಾಲತೋಪಾಗಿ ಉಳಿಯಿತು. ಕುಶಾಲತೋಪಿನ ಪದ್ಧತಿಯೇ ಹಡಗಿನದು ಎನ್ನುತ್ತಾರೆ. ಪರದೇಶದ ಬಂದರಿಗೆ ಬಂದ ಹಡಗು ತನ್ನ ತೋಪುಗಳನ್ನೆಲ್ಲ ಖಾಲಿ ಹಾರಿಸಿ, ನೋಡಿ, ತುಂಬಿದ ತೋಪು ಇಲ್ಲ ಎಂದು ತೋರಿಸುತ್ತಿತ್ತಂತೆ. ಮತ್ತೆ ತುಂಬಲು ಬಹಳ ಹೊತ್ತು ಹಿಡಿಯುತ್ತಿದ್ದ ಕಾಲ ಅದು. ಅಲ್ಲಿಂದ ಬಂದ 21ರ ಲೆಕ್ಕ ಬ್ರಿಟಿಷರ ಕಾಲದಲ್ಲಿ ಸಂಸ್ಥಾನಗಳ ಅಂತಸ್ತು ಅಳೆಯುವ ಕೋಲಾಯಿತು. ದೇಶದ ಐನೂರಕ್ಕೂ ಮಿಕ್ಕಿದ ಸಂಸ್ಥಾನಗಳಲ್ಲಿ 21 ತೋಪಿನ ಮರ್ಯಾದೆ ಇದ್ದವು ಐದೇ: ಹೈದರಾಬಾದ್, ಮೈಸೂರು, ಬರೋಡಾ, ಗ್ವಾಲಿಯರ್, ಜಮ್ಮು ಮತ್ತು ಕಾಶ್ಮೀರ. ಇಂದು ದಿಲ್ಲಿಯ ಗಣರಾಜ್ಯೋತ್ಸವದಲ್ಲೂ 21 ತೋಪು ರಾಷ್ಟ್ರಗೀತೆಯ 52 ಸೆಕೆಂಡುಗಳಿಗೆ ಹೊಂದಿಕೊಂಡೇ ಹಾರುತ್ತದೆ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ 25 ಪೌಂಡರ್ ತೋಪುಗಳ ಜಾಗಕ್ಕೆ 2023ರಲ್ಲಿ ದೇಶದಲ್ಲೇ ತಯಾರಾದ 105 ಮಿಲಿಮೀಟರಿನ ತೋಪುಗಳು ಬಂದವು. ಮೈಸೂರಿನವು ಇನ್ನೂ ಹಳೆಯ ಕಾಲದವೇ: ಬಾಯಿಂದ ಮದ್ದು ತುಂಬಬೇಕು, ಪ್ರತಿ ಸುತ್ತಿಗೂ ಒಳಗಿನ ಕಿಡಿ ಆರಿಸಿ ಒರೆಸಬೇಕು. ಒಂದು ಕಿಡಿ ಉಳಿದರೂ ಮುಂದಿನ ಪೊಟ್ಟಣ ತಳ್ಳುವವರ ಕೈಯಲ್ಲೇ ಹೊತ್ತಿಕೊಳ್ಳಬಹುದು. ಆ ಪೊಲೀಸರು ಮಾಡುವುದು ಬರೀ ಉತ್ಸವದ ಅಲಂಕಾರವಲ್ಲ; ನಿಜವಾದ ಅಪಾಯದ, ನಿಜವಾದ ಕೌಶಲದ ಕೆಲಸ. ಅದಕ್ಕೇ ಅವರಿಗೆ ಅಷ್ಟು ತಾಲೀಮು.

ಸಣ್ಣ ನೌಕಾತೋಪನ್ನು ಕಣ್ಣಾರೆ ನೋಡಬೇಕೆನ್ನುವವರು ಕಾರವಾರಕ್ಕೆ ಹೋಗಬಹುದು. ರವೀಂದ್ರನಾಥ ಟಾಗೋರ್ ಕಡಲತೀರದಲ್ಲಿ ವಸ್ತುಸಂಗ್ರಹಾಲಯವಾಗಿರುವ ಕ್ಷಿಪಣಿ ನೌಕೆ ‘ಐಎನ್‌ಎಸ್ ಚಪಲ್’ ಮೇಲಿನ ಜೋಡಿ ನಳಿಕೆಯ ತೋಪು 30 ಮಿಲಿಮೀಟರಿನದು, ಹಾಚ್‌ಕಿಸ್‌ನ 3 ಪೌಂಡರ್‌ಗಿಂತಲೂ ಕಿರಿದು. ಅಷ್ಟು ದೂರ ಹೋಗಲಾಗದ ಮೈಸೂರಿಗರು ಈ ಸಲ ದಸರೆಗೆ ಮುನ್ನ ಫಿರಂಗಿ ತಾಲೀಮಿನ ದಿನ ಯಾವುದೆಂದು ಪತ್ರಿಕೆಯಲ್ಲಿ ನೋಡಿಕೊಂಡು ಹೋಗಿ. ಆನೆಗಳನ್ನು ನೋಡಲು ಎಲ್ಲರೂ ಇರುತ್ತಾರೆ. ನೀವು ತೋಪಿನ ಹಿಂದೆ ನಿಂತವರ ಕೈಗಳನ್ನು ನೋಡಿ.